ದಸರೆಯಲ್ಲಿ ಮಲಗಿದ ಸಿಪಾಯಿಗಳು

ಮೇಜಿನ ಮೇಲೆ ಹಾಸಿದ್ದ ಬಟ್ಟೆ ನೀಲಿ ಎಂದು ಬರೆದೆ, ಹೊಡೆದುಹಾಕಿದೆ. ಹಸಿರು. ನೀಲಿ ಇದ್ದದ್ದು ಹೊಳೆ ಮಾತ್ರ. ಅದು ಯಾರದೋ ಹಳೆಯ ರವಿಕೆಯ ತುಂಡು. ಹೊಳೆಗೆ ಐಸ್‌ಕ್ರೀಂ ಕಡ್ಡಿಗಳ ಸೇತುವೆ. ಅದರಾಚೆ ಒಂದು ತೋಟದ ಮನೆ, ಸುತ್ತ ಎದೆಮಟ್ಟದ ಗೋಡೆ. ಎದೆಮಟ್ಟ ಎಂದರೆ ಸಿಪಾಯಿಗಳ ಎದೆಮಟ್ಟ. ಅವರ ಎತ್ತರ ನನ್ನ ಹೆಬ್ಬೆರಳಿನ ಅರ್ಧ.

ಕುವೆಂಪುನಗರದಲ್ಲಿ, ಕನ್ನಡಕದ ಅಂಗಡಿ ಇಟ್ಟಿರುವ ಗೆಳೆಯನ ಮನೆಯ ಹಜಾರದಲ್ಲಿ, ರಜೆಯ ದಿನ ನಮ್ಮ ಕ್ಲಬ್ಬು ಸೇರುತ್ತದೆ. ಗೊಂಬೆ ಸಿಪಾಯಿಗಳನ್ನು ಇಟ್ಟುಕೊಂಡು ನೆಪೋಲಿಯನ್ ಕಾಲದ ಸಣ್ಣ ಕಾಳಗಗಳನ್ನು ಆಡುತ್ತೇವೆ. ದೊಡ್ಡ ಸೈನ್ಯಗಳಿಲ್ಲ, ಒಂದೊಂದು ಕಡೆ ಹತ್ತು ಹನ್ನೆರಡು ಜನ. ಒಬ್ಬೊಬ್ಬನನ್ನೂ ಟೇಪಿನಲ್ಲಿ ಅಳೆದು ಸರಿಸಬೇಕು, ಗುಂಡು ತಗುಲಿತೋ ಇಲ್ಲವೋ ದಾಳ ಹೇಳುತ್ತದೆ. ಸತ್ತವನನ್ನು ಬಿದ್ದಲ್ಲೇ ಮಲಗಿಸುತ್ತೇವೆ. ಫೋನುಗಳೆಲ್ಲ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಸ್ಟೀಲ್ ಡಬ್ಬಿಯಲ್ಲಿ. ಮೇಜಿನ ಹತ್ತಿರ ತರುವಂತಿಲ್ಲ.

ಕೆಂಪು ಕೋಟಿನ ಇಂಗ್ಲಿಷರು ಫ್ರೆಂಚರೊಡನೆ ಕಾದಲು ಸ್ಪೇನಿಗೆ ಹೋಗುವ ಮೊದಲು ನಮ್ಮ ಶ್ರೀರಂಗಪಟ್ಟಣಕ್ಕೆ ದಂಡೆತ್ತಿ ಬಂದವರು. ಅವರನ್ನು ಆಡಿಸಲು ಮೊದಮೊದಲು ಯಾರೂ ಒಪ್ಪಲಿಲ್ಲ. ಒಪ್ಪಿದವರು ಡಾಕ್ಟರಮ್ಮ, ಸಿದ್ಧಾರ್ಥನಗರದಿಂದ ಸ್ಕೂಟರಿನಲ್ಲಿ ಬರುವ ಪಶುವೈದ್ಯೆ. "ಕಚ್ಚೋ ನಾಯಿಗೂ ಔಷಧಿ ಕೊಡ್ತೀನಲ್ಲ ಸರ್" ಎಂದರಂತೆ. ಅಂತೆ ಏಕೆ, ನನ್ನೆದುರಿಗೇ ಅಂದದ್ದು. ಇರಬೇಕು.

ಅವರ ಅಧಿಕಾರಿಯ ಗೊಂಬೆಯನ್ನು ನೋಡಬೇಕು. ರೆಪ್ಪೆಗೂದಲಿನಷ್ಟು ಸಣ್ಣ ಕುಂಚದಲ್ಲಿ ಗುಂಡಿಗಳನ್ನು ಬಿಡಿಸಿದ್ದರು. ಒಂದು ಗುಂಡಿ ಕಿತ್ತುಹೋದದ್ದನ್ನೂ. ನಮ್ಮ ಕ್ಲಬ್ಬಿನ ಕಟ್ಟಳೆ ಹೀಗೆ: ಅಧಿಕಾರಿ ಆಟದಲ್ಲಿ ಬದುಕಿದರೆ ಅವನ ಪೀಠದ ಸುತ್ತ ಒಂದು ಚಿನ್ನದ ಗೆರೆ, ಮುಂದಿನ ಆಟಕ್ಕೂ ಅವನೇ. ಸತ್ತರೆ ಗಾಜಿನ ಬೀರು. ಮತ್ತೆಂದೂ ಮೇಜಿಗೆ ಇಳಿಯುವಂತಿಲ್ಲ. ಡಾಕ್ಟರಮ್ಮನವರ ಅಧಿಕಾರಿಗಿದ್ದಷ್ಟು ಗೆರೆ ಇನ್ನಾರಿಗೂ ಇರಲಿಲ್ಲ. ಅವನನ್ನು ಕಳೆದುಕೊಳ್ಳಬಾರದು ಎಂಬುದೇ ಅವರ ಆಟ.

ಆಯುಧಪೂಜೆಯ ದಿನ ಅವರದು ತೋಟದ ಮನೆ, ನನ್ನದು ನೀಲಿ ಕೋಟಿನ ಫ್ರೆಂಚರು. ನನ್ನವನೊಬ್ಬ ಸೇತುವೆ ತಲುಪಿ ಅವರ ಅಧಿಕಾರಿಗೆ ಗುರಿ ಇಟ್ಟಿದ್ದ. ದಾಳ ಕೈಯಲ್ಲಿತ್ತು. ಆಗ ಗೆಳೆಯನ ತಾಯಿ ತಟ್ಟೆ ಹಿಡಿದು ಬಂದು, ಕುಟ್ಟಾಣಿ, ಕತ್ತರಿ, ಸ್ಕೂಟರು ಮುಗಿಸಿದ ಕೈಯಲ್ಲೇ ನಮ್ಮ ಟೇಪಿಗೂ ದಾಳಗಳಿಗೂ ಕುಂಕುಮ ಇಟ್ಟು ಹೂವೇರಿಸಿದರು.

"ಪೂಜೆ ಆದ್ಮೇಲೆ ಮುಟ್ಟೋ ಹಂಗಿಲ್ಲ ಕಣ್ರಪ್ಪ. ಇವತ್ತು ಅವಕ್ಕೂ ರಜ."

"ಒಂದೇ ಒಂದು ಗುಂಡು ಅಮ್ಮ, ಹಾರಿಸ್ಬುಡ್ತೀನಿ" ಎಂದೆ.

"ಸುಮ್ನಿರಿ. ಸಾಯೋನು ನಾಲ್ಕು ದಿನ ತಡವಾಗಿ ಸಾಯ್ಲಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ಡಾಕ್ಟರಮ್ಮ. ಮೇಜನ್ನು ಹಾಗೇ ಬಿಟ್ಟೆವು. ಮರುದಿನ ಜಂಬೂಸವಾರಿ, ರಸ್ತೆಗಳೆಲ್ಲ ಬಂದ್. ಭಾನುವಾರ ಮುಂದುವರಿಸುವುದೆಂದಾಯಿತು.

ಭಾನುವಾರ ಬಂದರೆ ಮೇಜಿನ ಮೇಲೆ ಹೊಳೆ ಇತ್ತು, ಸೇತುವೆ ಇತ್ತು, ಒಬ್ಬ ಸಿಪಾಯಿಯೂ ನಿಂತಿರಲಿಲ್ಲ. ಕೆಂಪು ಕೋಟಿನವರೂ ನೀಲಿ ಕೋಟಿನವರೂ ಒಂದು ಟವೆಲ್ಲಿನ ಮೇಲೆ ಮಗ್ಗುಲಿಗೆ ಮಗ್ಗುಲು ಸೇರಿಸಿ, ತಲೆಯೆಲ್ಲ ಪೂರ್ವಕ್ಕೆ ಮಾಡಿ ಮಲಗಿದ್ದರು.

"ಅಮ್ಮಾ, ಎಲ್ರುನ್ನೂ ಸಾಯ್ಸ್ಬುಟ್ಟಿದೀಯಲ್ಲಮ್ಮ!" ಎಂದು ಗೆಳೆಯ ಕೂಗಿದ.

"ಬುಡ್ತು ಅನ್ನು. ಹಬ್ಬ ಮುಗೀತು ಅಂತ ಪಟ್ಟದ ಗೊಂಬೆ ಮಲಗ್ಸಿ ಇವುನ್ನ ಮಾತ್ರ ನಿಲ್ಸಿ ಬಿಡೋಕಾಗುತ್ತಾ? ಪಾಪ, ಕಾಲು ನೋಯಲ್ವಾ?" ಎಂದರು ಅವನ ತಾಯಿ.

ಫೋಟೋ ಇರಲಿಲ್ಲ. ನೆನಪಿನಿಂದಲೇ ನಿಲ್ಲಿಸಬೇಕು. ಗೆಳೆಯನ ಪ್ರಕಾರ ನಾನಿನ್ನೂ ಹೊಳೆಯನ್ನೇ ತಲುಪಿರಲಿಲ್ಲ. ನನ್ನ ಪ್ರಕಾರ ಅರ್ಧ ಸೇತುವೆ ದಾಟಿದ್ದೆ. ತನ್ನವರನ್ನು ತಾನೇ ನಿಲ್ಲಿಸಿಕೊಂಡರೆ ಯಾರ ನೆನಪಾದರೂ ತನ್ನ ಕಡೆಗೇ ವಾಲುತ್ತದೆ. ಹಾಗಾಗಿ ಡಾಕ್ಟರಮ್ಮ ಒಂದು ದಾರಿ ಹೇಳಿದರು: ಅವರ ಕಡೆಯವರನ್ನು ನಾನು ನಿಲ್ಲಿಸುವುದು, ನನ್ನವರನ್ನು ಅವರು.

ಅವರು ನನ್ನ ಬಂದೂಕಿನವನನ್ನು ಸೇತುವೆಯ ಕೊನೆಯ ಕಡ್ಡಿಯ ಮೇಲೆ ಇಟ್ಟರು. ನಾನು ಕೇಳಬಹುದಾಗಿದ್ದಕ್ಕಿಂತ ಮುಂದೆ. ಗಾಯಗೊಂಡಿದ್ದ ಅವರ ಕಹಳೆಯವನನ್ನು ತೋಟದ ಗೇಟಿನಾಚೆ ಮಲಗಿಸಿ, ಅವರ ಅಧಿಕಾರಿಯನ್ನು ನಾನು ಗೋಡೆಯ ಹಿಂದೆ ನಿಲ್ಲಿಸಿದೆ. ಔದಾರ್ಯದಿಂದಲ್ಲ, ನನಗೆ ಹಾಗೇ ನೆನಪಿತ್ತು. ಗೋಡೆಯ ಹಿಂದಿರುವವನಿಗೆ ಗುಂಡು ತಗುಲಬೇಕಾದರೆ ದಾಳದಲ್ಲಿ ಆರೇ ಬೀಳಬೇಕು. ಬಯಲಿನಲ್ಲಿರುವವನಿಗೆ ನಾಲ್ಕು ಸಾಕು.

ಅವರು ಬಗ್ಗಿ ನೋಡಿದರು.

"ಅಲ್ಲ ಸರ್. ಇವ್ನು ಹೊರಗೆ ಬಂದಿದ್ದ."

"ಗೋಡೆ ಹಿಂದೆ ಇದ್ದ ಡಾಕ್ಟ್ರೇ. ನಂಗೆ ಚೆನ್ನಾಗಿ ಗ್ಯಾಪ್ಕ ಇದೆ."

"ಕಹಳೆಯವನು ಗೇಟಿನಾಚೆ ಗಾಯ ಆಗಿ ಬಿದ್ದಿದ್ನಲ್ಲ, ಅವನ್ನ ಎಳ್ಕೊಂಡ್ ಬರೋಕೆ ನಾನೇ ಇವನ್ನ ಹೊರಗೆ ತಂದಿದ್ದೆ."

"ಅವ್ರೇ ಗೋಡೆ ಹಿಂದೆ ಅಂತಾವ್ರೆ, ಸುಮ್ನೆ ಇದ್ಬುಡ್ರೀ ಡಾಕ್ಟ್ರೇ" ಎಂದ ಗೆಳೆಯ.

"ಸುಮ್ನಿದ್ರೆ ಇವ್ನು ಆಚೆ ಬಂದಿದ್ದು ದಂಡ ಅಲ್ವೇನ್ರೀ?"

ಎರಡು ಬೆರಳಲ್ಲಿ ಎತ್ತಿ, ಗೋಡೆ ದಾಟಿಸಿ, ಬಿದ್ದ ಕಹಳೆಯವನ ಪಕ್ಕಕ್ಕೆ ಇಟ್ಟರು. ನಾನು ಆ ಕಿತ್ತುಹೋದ ಗುಂಡಿಯನ್ನು ನೋಡುತ್ತಿದ್ದೆ.

"ಆಡಿ ಸರ್. ನಿಮ್ದೇ ಗುಂಡು."

ಕುಂಕುಮ ಇನ್ನೂ ಅಂಟಿಕೊಂಡಿದ್ದ ದಾಳ ಉರುಳಿಸಿದೆ. ಐದು. ಗೋಡೆಯ ಹಿಂದೆ ಇದ್ದಿದ್ದರೆ ಬದುಕುತ್ತಿದ್ದ. ಬಯಲಲ್ಲಿ ಸತ್ತ.

ಡಾಕ್ಟರಮ್ಮ ಅವನನ್ನು ತಾವೇ ಮಲಗಿಸಿದರು. ಸ್ವಲ್ಪ ಹೊತ್ತು ಆ ಪೀಠದ ಗೆರೆಗಳನ್ನೇ ನೋಡಿದರು. ಬೀರುವಿನಲ್ಲಿ ಇಡುವ ಮೊದಲು ಇನ್ನೊಂದು ಗೆರೆ ಎಳೆಯೋಣವೇ, ಕ್ಲಬ್ಬಿನ ಕಡೆಯಿಂದ, ಎಂದು ಗೆಳೆಯ ಮೆತ್ತಗೆ ಕೇಳಿದ.

"ಬೇಡ. ಅದು ಬದುಕಿದವರಿಗೆ" ಎಂದರು. ಆಮೇಲೆ ಅಧಿಕಾರಿಯಿಲ್ಲದ ಆ ಕೆಲವರನ್ನೇ ಇಟ್ಟುಕೊಂಡು, ಒಂದು ಸಲವೂ ನಿಟ್ಟುಸಿರು ಬಿಡದೆ, ಸಂಜೆಯವರೆಗೂ ನನ್ನನ್ನು ಆ ತೋಟದ ಮನೆಯೊಳಕ್ಕೆ ಕಾಲಿಡಲು ಬಿಡಲಿಲ್ಲ.

ನನ್ನ ನೆನಪಿನಲ್ಲಿ ಈಗಲೂ ಅವನು ಗೋಡೆಯ ಹಿಂದೆಯೇ ಇದ್ದಾನೆ. ಎಷ್ಟು ಸಲ ಕಣ್ಣುಮುಚ್ಚಿ ನೋಡಿದರೂ ಅಲ್ಲೇ. ಆದರೂ ನಾನು ನಂಬುವುದು ಡಾಕ್ಟರಮ್ಮನವರ ನೆನಪನ್ನು.

ಕಾಫಿ ತಂದ ಗೆಳೆಯನ ತಾಯಿ ಮೇಜಿನ ಮೇಲೆ ಮಲಗಿದ್ದ ಅಧಿಕಾರಿಯನ್ನು ಕಂಡರು.

"ನಾನು ಮಲಗ್ಸಿದ್ರೆ ಎಬ್ಬಿಸ್ಬುಟ್ರಿ. ಈಗ ನೀವೇ ಮಲಗ್ಸಿದೀರಲ್ಲಮ್ಮ" ಎಂದು ಡಾಕ್ಟರಮ್ಮನಿಗೆ ಹೇಳಿ, ಲೋಟಗಳನ್ನು ಕೆಳಗಿಟ್ಟು, ಅವನ ತಲೆಯನ್ನು ಪೂರ್ವಕ್ಕೆ ತಿರುಗಿಸಿದರು.