ಹಲಗೆ ಗೋಡೆಯ ಸಂದು

ಊರೆಲ್ಲ ಸಿಮೆಂಟಿನ ಮೌಲ್ಡ್ ಹಾಕಿಸುತ್ತಿದ್ದ ತೊಂಬತ್ತರ ದಶಕದಲ್ಲಿ ನಮ್ಮ ಮಾವನಿಗೆ ಮರದ ಮನೆಯ ಹುಚ್ಚು ಹಿಡಿಯಿತು. ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನಲ್ಲಿ ಯಾವುದೋ ಹಲಗೆ ಬಂಗಲೆ ನೋಡಿಕೊಂಡು ಬಂದಿದ್ದರಂತೆ. ಚಂದಕವಾಡಿಯ ನಮ್ಮ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದ ಮಣ್ಣಿನ ಗೋಡೆ ಕೆಡವಿಸಿ, ಗುಂಡ್ಲುಪೇಟೆಯಿಂದ ಲಾರಿಯಲ್ಲಿ ತೇಗದ ಹಲಗೆ ತರಿಸಿ, ಶ್ರಾವಣದ ಗೃಹಪ್ರವೇಶ ತಪ್ಪಬಾರದೆಂದು ಹಸಿ ಹಲಗೆಯನ್ನೇ ಹೊಡೆಸಿಬಿಟ್ಟರು. ಒಣಗಲಿ ಅಂದ ಬಡಗಿಗೆ, ಮುಹೂರ್ತ ನಿನಗೋಸ್ಕರ ಕಾಯುತ್ತದೇನಯ್ಯಾ ಎಂದು ಗದರಿದರಂತೆ. ಮುಹೂರ್ತ ಕಾಯಲಿಲ್ಲ, ಸರಿ. ಹಲಗೆಗಳು ಮಾಗಿಯ ಚಳಿ ಬರುವವರೆಗೆ ಕಾದವು.

ಸಂತೆಮರಹಳ್ಳಿಯ ತವರಲ್ಲಿ ಬಾಣಂತನ ಮುಗಿಸಿ, ಮಗಳನ್ನು ಎತ್ತಿಕೊಂಡು ನಾನು ಬಂದದ್ದು ಆ ಮಾಗಿಯಲ್ಲೇ. ಹಲಗೆಗಳೆಲ್ಲ ಒಣಗಿ, ಸೆಟೆದು, ಒಂದರಿಂದೊಂದು ಮುಖ ತಿರುಗಿಸಿ ನಿಂತಿದ್ದವು. ಒಳಗೆ ಕೂತೇ ಬೀದಿಯಲ್ಲಿ ಹೋಗುವವರ ಸೀರೆಯ ಬಣ್ಣ ಹೇಳಬಹುದಿತ್ತು. ಅಗ್ಗಿಷ್ಟಿಕೆಗೆ ಎಷ್ಟು ಕೆಂಡ ಸುರಿದರೂ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ, ಬಿಸಿಯೆಲ್ಲ ಸಂದಿಯಿಂದ ಬೀದಿಗೆ. ಮಗುವಿಗೆ ಕೆಮ್ಮು ಹತ್ತಿತು. ಎದೆ ಗೊರಗೊರ ಅನ್ನುತ್ತಿತ್ತು, ಹಾಲು ಚೀಪಲು ಉಸಿರು ಸಾಲುತ್ತಿರಲಿಲ್ಲ. ಚಾಮರಾಜನಗರದ ಡಾಕ್ಟರು ಔಷಧಿ ಕೊಟ್ಟು, ಮೊದಲು ಬೆಚ್ಚಗಿಡಿ, ಇಲ್ಲದಿದ್ದರೆ ಕೈಮೀರುತ್ತದೆ ಎಂದರು.

ಸಗಣಿ ಮಣ್ಣು ಕಲಸಿ ಸಂದು ಮುಚ್ಚುತ್ತೇನೆ ಅಂದೆ. ಮಾವ ಉರಿದುಬಿದ್ದರು.

"ತೇಗದಲ್ಗೆಗೆ ಸಗ್ಣಿ ಮೆತ್ತಿಯಾ? ನೋಡ್ದೋರು ಏನಂದಾರು?"

ನೋಡುವವರದೇ ಚಿಂತೆ! ದಿನವೂ ಯಾರಾದರೂ ಮನೆ ನೋಡಲು ಬರಬೇಕು, ಇವರು ಬಾಗಿಲು ಹಾರುಹೊಡೆದು ತೋರಿಸಬೇಕು. ನನ್ನ ಗಂಡನೋ, ಆಫೀಸಿನಲ್ಲಿ ಸಾಹೇಬರ ಮುಂದೆ, ಮನೆಯಲ್ಲಿ ಅಪ್ಪನ ಮುಂದೆ ತಲೆಯಾಡಿಸುವುದನ್ನು ಬಿಟ್ಟು ಬೇರೇನೂ ಕಲಿತವರಲ್ಲ. ಅಪ್ಪ ಬೇಡ ಅಂದಮೇಲೆ ಮುಗೀತು ಬುಡು, ಅಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಯುವ ವಂಶ.

ಒಂದು ದಿನ ಅಪ್ಪ ಮಗ ಇಬ್ಬರೂ ಗುಂಡ್ಲುಪೇಟೆಗೆ ಮದುವೆ ಊಟಕ್ಕೆ ಹೋದರು. ನಾನು ಸೆರಗು ಸಿಕ್ಕಿಸಿದೆ. ಸಂದಿಗೆಲ್ಲ ಗೋಣಿತಾಟು ತುರುಕಿ, ಮಣ್ಣು, ಸಗಣಿ, ರಾಗಿ ಹೊಟ್ಟು ಕಲಸಿ, ಹೊಗೆಗೆಂದು ಬೆಳಕಿಂಡಿಯೊಂದನ್ನು ಬಿಟ್ಟು, ಮಗು ಮಲಗುವ ಕೋಣೆಯನ್ನು ಒಳಗಿನಿಂದ ಪೂರ್ತಿ ಮೆತ್ತಿದೆ. ಹೆಂಚಿನ ಕೆಳಗೆ ಹಳೇ ಚಾಪೆಗಳನ್ನು ಕಟ್ಟಿದೆ.

ಬಂದು ನೋಡಿದ ಮಾವ ಮನೆಯ ಮಾನ ಹೋಯಿತೆಂದು ನನ್ನ ತವರನ್ನೆಲ್ಲ ಜಾಲಾಡಿದರು. ಈಗಲೇ ಕಿತ್ತುಹಾಕು ಅಂದರು.

"ಕಿತ್ರೆ ಮಗೀನ ಎತ್ಕಂಡು ಸಂತೆಮರಳ್ಳಿ ಬಸ್ ಅತ್ತೀನಿ," ಅಂದೆ.

ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ, ಯಾರಿಗೆ ಬೇಕಿತ್ತು! ಮಗುವಿನ ಎದೆ ಹಗುರವಾಯಿತು, ಹೊಟ್ಟೆ ತುಂಬ ಹಾಲು ಕುಡಿದು ಮಲಗತೊಡಗಿತು. ಕೆಂಡವೂ ಅರ್ಧಕ್ಕರ್ಧ ಉಳಿಯಿತು.

ಮಂಜು ಕವಿದ ಒಂದು ಬೆಳಗ್ಗೆ ಮಾವ ಕಂಬಳಿ ಹೊದ್ದು ಆ ಕೋಣೆಗೆ ಬಂದರು. ಮೊಮ್ಮಗಳನ್ನು ನೋಡೋಣವೆಂದು ಬಂದೆ ಅಂತ ಗಾಳಿಗೆ ಹೇಳಿ, ಅಗ್ಗಿಷ್ಟಿಕೆಯ ಪಕ್ಕ ಕೂತರು. ಅವಳ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಸಗಣಿ ಗೋಡೆಗೆ ಬೆನ್ನು ಒರಗಿಸಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಯಾರೋ ಮನೆ ನೋಡಲು ಬಂದು ಹೊರಗಿನಿಂದ ಕೂಗಿದರು. ನಾನು ಬೇಕೆಂದೇ ಎದ್ದುಹೋಗಿ ಬಾಗಿಲು ಹಾರುಹೊಡೆದೆ.

"ಬಾಗ್ಲಾಕವ್ವಾ," ಅಂದರು ಮಾವ, ಕಣ್ಣು ಬಿಡದೆ. "ಬಿಸಿಯೆಲ್ಲ ಓಯ್ತದ."