ಬೆಳ್ಳಿ ಕರಡಿಗೆ

ಕೊರಟಗೆರೆಯ ಪರ್ವತಯ್ಯ ಯಾವ ವಸ್ತುವಾದರೂ ಕೆಲಸಕ್ಕೆ ಬಂದರೆ ಸಾಕು ಎನ್ನುವ ಮನುಷ್ಯ. ಗಿರಣಿಯ ಶಾಲು ಬೇಡ, ಊರಿನ ದಾಸಣ್ಣ ನೇಯ್ದ ಒರಟು ಕಂಬಳಿ ಸಾಕು. ಗಾಜಿನ ದೀಪ ಬೇಡ, ಹಣತೆ ಸಾಕು. ಎತ್ತಿನ ಹಿಂಡಿಗೆ ಮಾತ್ರ ಚೌಕಾಸಿ ಮಾಡುತ್ತಿರಲಿಲ್ಲ. ಕೊರಳಿನ ಲಿಂಗವನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿಕೊಂಡಿದ್ದ.

ಹೆಂಡತಿ ಚನ್ನಮಲ್ಲಮ್ಮನಿಗೆ ಅದೊಂದು ಸಹಿಸಲಾಗುತ್ತಿರಲಿಲ್ಲ. ಮಧುಗಿರಿಯಲ್ಲಿ ಅವಳ ತಂಗಿ ಜಗದಾಂಬಳ ಗಂಡ ರೇಣುಕಯ್ಯ ಎಲ್ಲರ ಎದುರು ನಕ್ಕಿದ್ದ.

"ಏನಣ್ಣಾರೆ, ಶಿವಪ್ಪಂಗೂ ಚಿಂದಿ ಉಡಿಸ್ಬುಟ್ರಲ್ಲ!"

ಪರ್ವತಯ್ಯನೂ ನಕ್ಕ. "ಒಳಗಿರೋನು ಚಳಿ ಅಂದಿಲ್ಲ ಕಣಪ್ಪ."

ಅವಳು ನಗಲಿಲ್ಲ. ಬೆಣ್ಣೆ ಮಾರಿ ಕೂಡಿಟ್ಟ ದುಡ್ಡಿನಲ್ಲಿ ಗುಟ್ಟಾಗಿ ಲಿಂಗ ಇಡಲು ಬೆಳ್ಳಿಯ ಕರಡಿಗೆ ಮಾಡಿಸಿದಳು. ತಂದು ಗಂಡನ ಮುಂದೆ ಹಿಡಿದಳು.

"ಯಾಕೇ ಇದು? ಬಟ್ಟೆ ಹರಿದಿಲ್ವಲ್ಲ."

"ನನ್ನ ಮಾನ ಹರಿದೈತೆ. ಹಾಕ್ಕೊಳ್ಳಿ."

ಹಾಕಿಕೊಂಡ.

ಅದು ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ಜಗದಾಂಬಳ ಮನೆಯ ಊಟಕ್ಕೆಂದು ಇಬ್ಬರೂ ಇದ್ದಿಲಿನ ಬಸ್ಸು ಹತ್ತಿದರು. ಕರಡಿಗೆ ಅವನ ಅಂಗಿಯೊಳಗಿತ್ತು.

"ಒಳಗಿಟ್ಕೊಂಡ್ರೆ ಯಾರಿಗ್ ಕಾಣ್ತದೆ?" ಎಂದು ಅವಳೇ ಕೈಹಾಕಿ ಹೊರಗೆಳೆದು ಬಿಟ್ಟಳು.

ಏರಿನಲ್ಲಿ ಬಸ್ಸು ನಿಂತಿತು. ಗಂಡಸರೆಲ್ಲ ಇಳಿದು, ಮೈಗೆ ಮೈ ತಾಗಿಸಿಕೊಂಡು ನೂಕಿದರು. ಮತ್ತೆ ಹತ್ತಿದಾಗ ಪರ್ವತಯ್ಯನ ಕೊರಳಲ್ಲಿ ಬರೀ ದಾರ. ತುದಿಯನ್ನು ಕತ್ತರಿಸಿದ್ದು ಇಬ್ಬರಿಗೂ ಕಂಡಿತು. ಬಟ್ಟೆಯಲ್ಲಿದ್ದರೆ ಯಾವ ಕಳ್ಳನೂ ಕೈ ಹಾಕುತ್ತಿರಲಿಲ್ಲ. ಬೆಳ್ಳಿಯ ಜೊತೆ ಲಿಂಗವೂ ಹೋಯಿತು.

ಲಿಂಗಪೂಜೆ ಮಾಡದೆ ನೀರು ಮುಟ್ಟುವವನಲ್ಲ ಅವನು. ಜಗದಾಂಬಳ ಮನೆಯಲ್ಲಿ ಎಲೆ ಹಾಕಿದರು. "ಹೊಟ್ಟೆ ಸರಿಯಿಲ್ಲ" ಎಂದು ಹೆಗಲ ಮೇಲಿನ ವಲ್ಲಿಯನ್ನು ಎದೆಗೆ ಹೊದ್ದು ಜಗಲಿಯಲ್ಲೇ ಕುಳಿತ. ಬೇರೆ ಲಿಂಗ ಕೊಡಬೇಕಾದ ಮನೆತನದ ಗುರು ಮರುಳಸಿದ್ದಯ್ಯನವರು ಪಾವಗಡದ ಕಡೆ ಹೋಗಿದ್ದರು. ಊರಿಗೆ ಬಂದ ಮೇಲೂ ಅವನು ಬಾಯಿಗೆ ಏನೂ ಹಾಕಲಿಲ್ಲ. ತುಟಿ ಒಡೆಯಿತು.

"ಒಂದ್ ಗುಟುಕು ನೀರಾದ್ರೂ..." ಅಂದಳು.

"ಸುಮ್ನಿರೇ."

ಅವಳೂ ಕುಡಿಯಲಿಲ್ಲ. ಆದರೆ ಅದರಿಂದ ಏನೂ ಸರಿಹೋಗಲಿಲ್ಲ.

ಮರುದಿನ ಸಂಜೆ ಗುರುಗಳು ಬಂದರು. ನೆರೆಯವರೂ ಕೂಡಿದರು.

"ಹೆಂಗ್ ಹೋಯ್ತಯ್ಯ?"

"ಬಸ್ಸು ನೂಕೋವಾಗ ಉದುರೋಯ್ತು ಅಯ್ಯನವರೇ. ನನ್ನದೇ ತಪ್ಪು."

"ಕೊರಳಲ್ಲಿರೋ ಲಿಂಗ ಉದುರಿದ್ದೂ ಗೊತ್ತಾಗ್ಲಿಲ್ವಾ? ಯಾವ ಜ್ಞಾನದಲ್ಲಿದ್ದೆ?"

ಪರ್ವತಯ್ಯ ತಲೆ ಬಗ್ಗಿಸಿ ಬೈಸಿಕೊಂಡ. ಬೆಳ್ಳಿಯ ಮಾತು ಬರಲಿಲ್ಲ, ಹೆಂಡತಿಯ ಮಾತೂ ಬರಲಿಲ್ಲ. ಅವಳು ಬಾಗಿಲ ಮರೆಯಲ್ಲಿದ್ದಳು. ಎರಡು ಹೆಜ್ಜೆ ಮುಂದೆ ಬಂದು ಹೇಳಿದ್ದರೆ ಆಗಿತ್ತು. ಬರಲಿಲ್ಲ.

ಹೊಸ ಲಿಂಗ ಕೊಟ್ಟರು. ಪೂಜೆ ಮುಗಿಸಿ ಅವನು ನೀರು ಕುಡಿದ. ಮುದ್ದೆ ಬಡಿಸಿದಳು.

"ನೀನೂ ಇಟ್ಕೊಳ್ಳೇ, ಹಸ್ದಿದ್ದೀಯ."

ಆ ಮಾತಿಗೆ ಅವಳು ಒಲೆಯ ಕಡೆ ತಿರುಗಿಕೊಂಡಳು.

ಆಮೇಲೆ ಅವನು ಅದರ ಮಾತೆತ್ತಲಿಲ್ಲ. ಊರು ಎತ್ತಿತು. ಎಷ್ಟೋ ವರ್ಷದ ಮೇಲೆ ಅವನು ತೀರಿಕೊಂಡ ದಿನ ಮಣ್ಣು ಹಾಕಿ ಕೈ ತೊಳೆಯುತ್ತ ರೇಣುಕಯ್ಯ ಅಂದ, "ಒಳ್ಳೇ ಮನುಷ್ಯ. ಲಿಂಗ ಉದುರಿಸ್ಕೊಂಡ ಅನ್ನೋದೊಂದ್ ಮಾತು ಉಳ್ಕೊಂತು, ಪಾಪ."

ಚನ್ನಮಲ್ಲಮ್ಮ ಅಲ್ಲೇ ನಿಂತಿದ್ದಳು. ಆಗಲೂ ಬಾಯಿ ಬಿಡಲಿಲ್ಲ.