ಮದುಮಗಳ ತಲೆಗೆ ಕುಲಾವಿ

ನನ್ನ ಎಡಮಂಡಿ ಹಠ ಹಿಡಿಯದೆ ಇದ್ದಿದ್ದರೆ ಆ ಮದುವೆಯೇ ನಡೆಯುತ್ತಿರಲಿಲ್ಲ ಎಂದು ಇವತ್ತಿಗೂ ಜಂಬದಿಂದ ಹೇಳಿಕೊಳ್ಳುತ್ತೇನೆ. ಆಗ ನಾನು ಬಹರೈನಿನಲ್ಲಿ, ಮಾಹೂಝ್‌ನಲ್ಲಿದ್ದ ಮಗಳ ಫ್ಲ್ಯಾಟಿನಲ್ಲಿದ್ದೆ. ನಮ್ಮ ಯಜಮಾನರು ತೀರಿಹೋಗಿ ಆರು ವರ್ಷವಾಗಿತ್ತು. ನನ್ನ ತಂಗಿಯ ಮಗ ಅಲ್ಲೇ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ನನ್ನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವ ಡ್ಯೂಟಿ ಅವನದು. ಮೊದಮೊದಲು ಕಾರಿನಲ್ಲೇ ಕಾಯುತ್ತಿದ್ದವನು ಮೂರನೆಯ ವಾರದಿಂದ ಒಳಗೆ ಬಂದು ಕೂರತೊಡಗಿದ. ಮಂಡಿ ವಾಸಿಯಾದ ಮೇಲೂ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಲು ಬಿಡಲಿಲ್ಲ.

ಮಂಡಿ ತಿಕ್ಕುತ್ತಿದ್ದ ಹುಡುಗಿ ಸ್ಲೊವಾಕಿಯಾದವಳು. ಎತ್ತರದ ಹುಡುಗಿ, ಹಿಟ್ಟು ನಾದಿ ಪಳಗಿದಂಥ ಕೈ. ಕೆಲಸ ಮಾಡುತ್ತ ಏನೋ ಗುನುಗುತ್ತಿದ್ದಳು. ನಾನು ಕಾನ್ವೆಂಟಿನಲ್ಲಿ ಎಂಟು ವರ್ಷ ಸಿಸ್ಟರ್‌ಗಳ ಕ್ವಾಯರ್‌ನಲ್ಲಿ ಆಲ್ಟೋ, ಅಂದರೆ ಕೆಳಗಿನ ದನಿ, ಹಾಡಿದವಳು. ಒಂದು ದಿನ ತಡೆಯಲಾರದೆ, ಅವಳ ರಾಗದ ಕೆಳಗಿನ ಸ್ವರವನ್ನು ನಾನು ಹಿಡಿದೆ. ಅವಳ ಕೈ ನಿಂತುಹೋಯಿತು. “ಇದು ನಮ್ಮೂರ ಮದುವೆ ಹಾಡು, ನಿಮಗೆ ಹೇಗೆ ಗೊತ್ತು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹಾಡು ಗೊತ್ತಿಲ್ಲ, ಅದರ ಸ್ವರಗಳ ಮೈನರ್ ಕೀ ಗೊತ್ತು ಅಂದೆ.

ಆಮೇಲೆ ಮಂಡಿಗಿಂತ ಹಾಡಿನ ಮಾತೇ ಹೆಚ್ಚಾಯಿತು. ಅವರ ಹಳ್ಳಿಯಲ್ಲಿ ಚರ್ಚಿನ ಮದುವೆ ಅರ್ಧ ಮದುವೆಯಂತೆ. ಉಳಿದರ್ಧ ನಡುರಾತ್ರಿ. ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಮದುವೆಯಾದ ಹೆಂಗಸರು ಸುತ್ತ ನಿಂತು ಹಾಡುತ್ತ ತಲೆಯ ಹೂಕಿರೀಟ ತೆಗೆದು, ಕೂದಲು ಬಿಚ್ಚಿ, ಬಿಳಿ ಕುಲಾವಿಯೊಂದನ್ನು ಕಟ್ಟುತ್ತಾರೆ. ಮಕ್ಕಳಿಗೆ ನಾವು ಹೊಲಿಯುತ್ತೇವಲ್ಲ, ಅಂಥದ್ದೇ, ಆದರೆ ತುಂಬ ಕಸೂತಿಯದು. ಆಮೇಲೆ ಮದುಮಗಳ ಕುಣಿತ. ತಟ್ಟೆಗೆ ಏನಾದರೂ ಹಾಕಿದವರೆಲ್ಲ ಒಬ್ಬೊಬ್ಬರಾಗಿ ಅವಳ ಜೊತೆ ಒಂದು ಸುತ್ತು ಕುಣಿಯಬೇಕು. ಮೊದಲ ಸುತ್ತು ಕುಲಾವಿ ಕಟ್ಟಿದವಳದು.

ತಂಗಿಯ ಮಗನಿಗೂ ಅವಳಿಗೂ ಮದುವೆ ಗೊತ್ತಾದ ಮೇಲೆ ಒಂದು ಸಂಜೆ ಅವಳು ಬಿಸ್ಕತ್ತಿನ ಡಬ್ಬಿ ಹಿಡಿದು ಮನೆಗೆ ಬಂದಳು. ಒಳಗೆ ಗಂಜಿ ಹಾಕಿದ ಕುಲಾವಿ ಮತ್ತು ಒಂದು ಕ್ಯಾಸೆಟ್. ಅವಳ ತಾಯಿಗೆ ಸೊಂಟದ ಆಪರೇಷನ್ ಆಗಿತ್ತು, ವಿಮಾನ ಹತ್ತುವ ಹಾಗಿರಲಿಲ್ಲ. ಊರಿನ ಹೆಂಗಸರನ್ನೆಲ್ಲ ಅಡುಗೆಮನೆಯಲ್ಲಿ ಕೂಡಿಸಿ ಹಾಡಿಸಿ, ರೆಕಾರ್ಡ್ ಮಾಡಿ ಕಳಿಸಿದ್ದರು.

“ದೊಡ್ಡಮ್ಮ, ನೀವೇ ಕಟ್ಟಬೇಕು.” ಈ ಒಂದು ವಾಕ್ಯವನ್ನು ಕನ್ನಡದಲ್ಲಿ ಕಲಿತುಕೊಂಡೇ ಬಂದಿದ್ದಳು.

ನಾನು ವಿಧವೆ, ನಮ್ಮಲ್ಲಿ ಇಂಥವಕ್ಕೆಲ್ಲ ನಮ್ಮಂಥವರು ಕೈ ಹಾಕುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. “ನಮ್ಮೂರಲ್ಲಿ ಈ ಹಾಡು ಚೆನ್ನಾಗಿ ಬರುವುದೇ ವಿಧವೆಯರಿಗೆ. ಗಂಡಸರು ಕುಡಿದು ಬೇಗ ಹೋಗುತ್ತಾರೆ. ನೀವು ಮೂವತ್ತೆಂಟು ವರ್ಷ ಒಬ್ಬರ ಹೆಂಡತಿಯಾಗಿದ್ದಿರಿ. ಯು ಆರ್ ಕ್ವಾಲಿಫೈಡ್,” ಅಂದಳು.

ನಾನು ಹೂಂ ಅಂದದ್ದು ಅವಳಿಗಾಗಿ ಮಾತ್ರ ಅಲ್ಲ. ನಮ್ಮವರು ಹೋದ ನಾಲ್ಕನೆಯ ತಿಂಗಳಲ್ಲೇ ಮಗಳ ಮದುವೆಯಾಗಿತ್ತು. ಧಾರೆಯನ್ನು ನನ್ನ ಅಣ್ಣ ಅತ್ತಿಗೆ ಎರೆದರು. ನಾನು ಊಟದ ಹಾಲಿನ ಬಾಗಿಲಲ್ಲಿ, ಎಲೆ ತೊಳೆಯುವವರ ಪಕ್ಕ ನಿಂತು ನೋಡಿದೆ. ಯಾರೂ ಅಲ್ಲಿಗೆ ಹೋಗು ಅನ್ನಲಿಲ್ಲ. ಇಂಗ್ಲಿಷ್ ಓದಿದ, ಮೂವತ್ತು ವರ್ಷ ಸ್ಕೂಲಿನಲ್ಲಿ ಪಾಠ ಹೇಳಿದ ನಾನು, ನಾನಾಗಿಯೇ ಹೋಗಿ ನಿಂತೆ. ಬೇರೆಯವರು ಮಾಡಿದ್ದನ್ನು ಮರೆತೇನು, ಅದನ್ನು ಮರೆಯಲಾರೆ.

ಎರಡು ತಿಂಗಳು ಕ್ಯಾಸೆಟ್ ಹಾಕಿಕೊಂಡು ಕೂತೆ. ಹಾಡುಗಳನ್ನು ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡೆ. ನಮ್ಮಲ್ಲಿಲ್ಲದ ಉಚ್ಚಾರಕ್ಕೆ ಝಕಾರದ ಕೆಳಗೆ ಚುಕ್ಕಿ ಇಟ್ಟೆ. ಬದನೆಕಾಯಿ ಹೆಚ್ಚುತ್ತ ಹಾಡಿದೆ, ಬಟ್ಟೆ ಮಡಿಸುತ್ತ ಹಾಡಿದೆ. ಪಾರ್ಟಿಗಳಲ್ಲಿ ಕೀಬೋರ್ಡ್ ನುಡಿಸುವ ಮಂಗಳೂರಿನವರೊಬ್ಬರು ಸೆಗಯಾದಲ್ಲಿದ್ದರು. ನಾನೂ ಹುಡುಗಿಯೂ ಅವರ ರೂಮಿಗೆ ಹೋಗಿ ರಾಗ ಕೊಟ್ಟು ಬಂದೆವು. ಸ್ಲೊವಾಕ್ ಮದುವೆಗೆ ಸಿಂಬಲೋಮ್ ಬೇಕು, ತಂತಿಗಳ ಮೇಲೆ ಸಣ್ಣ ಕೋಲಿನಿಂದ ಬಾರಿಸುವ ದೊಡ್ಡ ವಾದ್ಯ. “ಅದು ಎಲ್ಲಿಂದ ತರುದು ಆಂಟಿ? ಸಂತೂರ್ ಬಟನ್ ಒತ್ತುವ, ಆಗುದಿಲ್ವಾ?” ಅಂದರು. ಆಯಿತು.

ಒಂದು ಗುಟ್ಟನ್ನು ಹುಡುಗಿ ನನಗೆ ಮಾತ್ರ ಹೇಳಿದ್ದಳು. ಕುಲಾವಿ ಕಟ್ಟಿದ ತಕ್ಷಣ ಮದುಮಗಳು ಅದನ್ನು ಕಿತ್ತು ಎಸೆಯಬೇಕು. ಮತ್ತೆ ಕಟ್ಟಿದರೆ ಮತ್ತೆ ಎಸೆಯಬೇಕು. ಮೂರನೆಯ ಸಲ ಸೋಲಬೇಕು. ಹೆಣ್ಣು ಸುಲಭಕ್ಕೆ ಸಿಗುವವಳಲ್ಲ ಎಂದು ಊರಿಗೆ ಗೊತ್ತಾಗಲಿ ಅಂತ ಈ ಪದ್ಧತಿ.

ಮದುವೆಗೆ ಹತ್ತು ದಿನ ಮುಂಚೆ ತಂಗಿ ಮೈಸೂರಿನಿಂದ ಬಂದಳು. ನನಗಿಂತ ಆರು ವರ್ಷ ಚಿಕ್ಕವಳು, ಅಧಿಕಾರದಲ್ಲಿ ಯಾವಾಗಲೂ ಹತ್ತು ವರ್ಷ ದೊಡ್ಡವಳು. ಕಾಫಿ ಲೋಟ ಕೆಳಗಿಡುವ ಮೊದಲೇ ಶುರು ಮಾಡಿದಳು.

“ಅಕ್ಕ, ನಿನ್ನ ದಮ್ಮಯ್ಯ, ಇದೊಂದು ಬೇಡ.”

“ಏನೇ ಬೇಡ?”

“ಹುಡುಗಿ ತಲೆ ಮುಟ್ಟೋದು. ಒಬ್ಬನೇ ಮಗ ನನಗೆ. ಜನ ಏನಂತಾರೆ?”

“ಯಾವ ಜನ? ಬಹರೈನಲ್ಲಿ ನಿನಗೆ ಯಾರೇ ಗೊತ್ತು?”

“ಜನ ಅಲ್ಲದಿದ್ರೆ ನಾನೇ ಅಂದ್ಕೋ. ನಿನ್ನ ಮಗಳ ಮದುವೇಲಿ ನೀನೇ ತಿಳ್ಕೊಂಡು ದೂರ ನಿಂತಿದ್ದೆ. ಈಗ ಎಲ್ಲಿ ಹೋಯ್ತು ಆ ಬುದ್ಧಿ?”

“ಅದು ಬುದ್ಧಿ ಅಲ್ಲ ಕಣೆ, ಹೆದರಿಕೆ. ಅದು ಹೋಯ್ತು. ಗುಡ್ ರಿಡನ್ಸ್.”

ಮದುಮಗ ನಮ್ಮಿಬ್ಬರ ಮುಖ ನೋಡಿ, “ಕಾರಿಗೆ ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ,” ಎಂದು ಹೋದವನು ಊಟದ ಹೊತ್ತಿಗೆ ಬಂದ.

ಶುಕ್ರವಾರ ಬೆಳಿಗ್ಗೆ ಮನಾಮಾದ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದ್ದಾಯಿತು. ಅಲ್ಲಿ ನಾನು ಸುಮ್ಮನೆ ಅಕ್ಷತೆ ಹಾಕಿದೆ. ಊಟಕ್ಕೆ ಒಂದು ಹಾಲ್ ಹಿಡಿದಿದ್ದರು, ನಾಲ್ಕು ಗಂಟೆಗೆ ಖಾಲಿ ಮಾಡಬೇಕು. ಹಾಗಾಗಿ ಮಧ್ಯಾಹ್ನ ಮೂರಕ್ಕೇ ಪರದೆಗಳನ್ನೆಲ್ಲ ಎಳೆದು ನಡುರಾತ್ರಿ ಮಾಡಿಕೊಂಡೆವು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮೇಣದಬತ್ತಿ. ಹುಡುಗಿ ಸೀರೆಯ ಮೇಲೇ ಹೂಕಿರೀಟ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಪಾಯಸ ಕುಡಿಯುತ್ತಿದ್ದ ಎಂಬತ್ತು ಜನ ಇದೇನು ನಾಟಕ ಎಂದು ತಿರುಗಿ ನೋಡಿದರು.

ಹಾಡಿದೆ. ಕಿರೀಟ ತೆಗೆದೆ, ಜಡೆ ಬಿಚ್ಚಿದೆ, ಕುಲಾವಿ ಕಟ್ಟಿದೆ.

ಅವಳು ತಲೆ ಕೊಡವಿ ಅದನ್ನು ಕಿತ್ತು ನೆಲಕ್ಕೆಸೆದಳು.

“ಅಯ್ಯೋ ದೇವರೇ,” ಎಂದು ಯಾರೋ ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ತಂಗಿ ಎದ್ದು ನಿಂತಳು. “ನೋಡಿದ್ಯಾ ಅಕ್ಕ? ನಾನು ಬಡ್ಕೊಂಡೆ. ದೇವರೇ ಅವಳ ಕೈಲಿ ಎಸೆಸಿದ.”

ಇದು ಅವರ ಪದ್ಧತಿ ಎಂಬ ಒಂದು ಮಾತು ಸಾಕಾಗಿತ್ತು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದದ್ದೂ ಹೌದು. ಹೇಳಲಿಲ್ಲ. ಪದ್ಧತಿಯ ನೆಪ ಹೇಳಿದರೆ ನನ್ನ ಕೈ ಶುದ್ಧ ಎಂದು ಸರ್ಟಿಫಿಕೇಟ್ ಕೇಳಿದ ಹಾಗೆ. ನಾಳೆ ನಿಜವಾಗಿಯೇ ಒಂದು ಹೂ ಕೆಳಗೆ ಬಿದ್ದು ಅಪಶಕುನ ಅಂದರೆ ಆಗ ಏನು ತೋರಿಸಲಿ?

ಕುಲಾವಿಯನ್ನು ಎತ್ತಿ, ಸೆರಗಿನಲ್ಲಿ ಧೂಳು ಒರೆಸಿ, ಮತ್ತೆ ಹಾಡುತ್ತ ಕಟ್ಟಿದೆ. ಅವಳು ಮತ್ತೆ ಎಸೆದಳು. ಈ ಸಲ ಅದು ಸೀದಾ ತಂಗಿಯ ಕಾಲ ಬಳಿ ಹೋಗಿ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು.

“ಕೊಡು,” ಅಂದೆ.

“ಕೊಡಲ್ಲ. ಬೇರೆ ಯಾರಾದ್ರೂ ಕಟ್ಲಿ.”

“ನಾಲ್ಕಕ್ಕೆ ಹಾಲ್ ಖಾಲಿ ಮಾಡ್ಬೇಕು. ನಾನು ನಾಳೆವರೆಗೂ ಇಲ್ಲೇ ಕೈ ನೀಡ್ಕೊಂಡು ನಿಂತಿರ್ತೀನಿ. ನೋಡ್ಕೋ.”

ಕೀಬೋರ್ಡಿನವರು ಪಾಪ, ಅದೇ ಎರಡು ಸಾಲನ್ನು ತಿರುಗಿಸಿ ತಿರುಗಿಸಿ ಬಾರಿಸುತ್ತಿದ್ದರು. ಹುಡುಗಿ ಕೂತಲ್ಲಿಂದಲೇ ತಿರುಗಿ, “ಅತ್ತೆ, ಕೊಡಿ. ದೊಡ್ಡಮ್ಮನೇ ಕಟ್ಟಬೇಕು,” ಅಂದಳು. ತಂಗಿ ನನ್ನ ಕೈಗೆ ಕೊಡಲಿಲ್ಲ. ತಾಂಬೂಲದ ಮೇಜಿನ ಮೇಲೆ ಕುಕ್ಕಿ, ಮುಖ ತಿರುಗಿಸಿದಳು. ನಾನೇ ನಡೆದುಹೋಗಿ ತೆಗೆದುಕೊಂಡೆ. ಆ ಹತ್ತು ಹೆಜ್ಜೆ, ಎಂಬತ್ತು ಜನರ ಕಣ್ಣೆದುರಿಗೆ. ಮಂಡಿ ಒಂದಿಷ್ಟೂ ನೋಯಲಿಲ್ಲ.

ಮೂರನೆಯ ಸಲ ಕುಲಾವಿ ನಿಂತಿತು. ಗಂಟು ಹಾಕುವಾಗ ಅವಳು ನನ್ನ ಕೈಯನ್ನು ಒತ್ತಿ ಹಿಡಿದಳು. ಅವಳು ಅಳುತ್ತಿದ್ದಳು, ಅದೂ ಪದ್ಧತಿಯೋ ಏನೋ ಕೇಳಲಿಲ್ಲ. ತಟ್ಟೆಗೆ ಒಂದು ದಿನಾರ್ ಹಾಕಿ ಮೊದಲ ಸುತ್ತು ಕುಣಿದೆ. ಚಾರ್ದಾಶ್ ಎನ್ನುತ್ತಾರೆ, ನಿಧಾನ ಶುರುವಾಗಿ ಓಡತೊಡಗುತ್ತದೆ. ಅರವತ್ತಾರರ ಹೆಂಗಸು ನೀಲಿ ಮೈಸೂರ್ ಸಿಲ್ಕ್ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ನಮ್ಮ ಹಿಂದೆ ನನ್ನ ಮಗಳು ಬಂದಳು, ಆಮೇಲೆ ಕೇಟರಿಂಗ್‌ನವರೂ ಬಂದರು. ತಂಗಿ ಬರಲಿಲ್ಲ.

ಮಾರನೆಯ ದಿನ ಮದುಮಗ ಹೆಂಡತಿಯಿಂದ ತಿಳಿದುಕೊಂಡು ತಾಯಿಗೆ ಎಲ್ಲ ಹೇಳಿಬಿಟ್ಟ. ನಾನು ಮಂಡಿಗೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಕೂತಿದ್ದೆ. ಬಂದು ಎದುರಿಗೆ ನಿಂತಳು.

“ಎರಡು ಸಲ ಎಸೀಬೇಕು ಅಂತ ನಿನಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಅಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲ ಅಕ್ಕ! ಒಂದು ಮಾತು ಹೇಳಿದ್ರೆ ನಾನು ಸುಮ್ನೆ ಕೂತಿರ್ತಿದ್ದೆ.”

“ಪದ್ಧತಿ ಅಂತ ನೀನು ಸುಮ್ನೆ ಕೂತಿರ್ತಿದ್ದೆ,” ಅಂದೆ. “ಅದಕ್ಕೇ ಹೇಳಲಿಲ್ಲ.”